ಸತ್ತ ಮಾವ ಮತ್ತು ಸಿನಿಮಾದ ಎರಡನೇ ಭಾಗ

ನಮ್ಮ ಸೋದರಮಾವನನ್ನು ಗುಂಡಿಟ್ಟು ಕೊಂದು ನಾಲ್ಕು ವರ್ಷದ ಮೇಲಾಯಿತು. ಈಗ ಸಿದ್ದಾಪುರದ ಹೋಟೆಲಿನಲ್ಲಿ ಕೂತು ಎರಡನೇ ಚಹಾ ಹೇಳುತ್ತಿದ್ದಾನೆ! ಗಾಬರಿಯಾಗಬೇಡಿ, ಸತ್ತದ್ದು ಸಿನಿಮಾದಲ್ಲಿ. ಗಂಗಾವತಿ ಕಡೆಯ ಬಂಡೆಗುಡ್ಡಗಳಲ್ಲಿ ಟೊಪ್ಪಿಗೆ, ಕುದುರೆ, ಪಿಸ್ತೂಲಿನ ಕೌಬಾಯ್ ಸಿನಿಮಾ ತೆಗೆದಾಗ ಮಾವ ಅದರಲ್ಲಿ ಏಳನೇ ಡಕಾಯಿತ.

ಅಭಿನಯ ನೋಡಿ ಆರಿಸಿದರು ಅಂದುಕೊಂಡಿರಾ? ಮೀಸೆ ನೋಡಿ! ಭತ್ತ ಒಣಗಿಸುತ್ತಿದ್ದವನನ್ನು ಹಾಗೇ ಜೀಪಿಗೆ ಹತ್ತಿಸಿಕೊಂಡು ಹೋದರು. ಆ ಕಂಪನಿಯವರ ಬುದ್ಧಿಯನ್ನು ಏನು ಹೇಳಲಿ! ಗುಡ್ಡದ ತುಂಬ ಬೆಳೆದಿದ್ದ ಪಾಪಾಸುಕಳ್ಳಿಯನ್ನು ಕಡಿದು, ಮುಂಬೈಯಿಂದ ತಂದ ಪ್ಲಾಸ್ಟಿಕ್ ಕಳ್ಳಿ ನೆಟ್ಟರು. ಕುದುರೆಗಳು ಕೊಪ್ಪಳದ ಮದುವೆ ಮೆರವಣಿಗೆಯವು. ಗುಂಡು ಸಿಡಿದದ್ದೇ ತಡ, ಪಟಾಕಿ ಎಂದು ತಿಳಿದು ಕುಣಿಯತೊಡಗಿದವು. ತಂದೆಯ ಸೇಡು ತೀರಿಸಲು ಹೊರಟ ನಾಯಕ ಮದುಮಗನಂತೆ ಕುಲುಕುತ್ತ ಬಂದ.

ಮಾವನ ಸಾವಂತೂ ಅರ್ಧ ದಿನ ಹಿಡಿಯಿತು. ಎದೆಗೆ ಗುಂಡು ಬಿದ್ದೊಡನೆ ಉತ್ತರಕ್ಕೆ ತಲೆಯಾಗಿ ಬೀಳಬೇಕಿತ್ತು. ಮಾವ ಗುಂಡು ತಿಂದು, ಸೂರ್ಯ ಎಲ್ಲಿದ್ದಾನೆಂದು ನೋಡಿ, ಗಿರಕ್ಕನೆ ತಿರುಗಿ ಪೂರ್ವಕ್ಕೆ ತಲೆಯಿಟ್ಟು ಮಲಗಿದ.

"ಸಾಯೋನು ದಿಕ್ಕು ನೋಡ್ತಾನೇನ್ರಿ?" ಎಂದು ನಿರ್ದೇಶಕ ಕೂಗಿದ.

"ಸತ್ತ ಮ್ಯಾಲೆ ಹ್ಯಾಂಗರ ಮಲಗಸ್ರಿ. ಜೀವ ಇರೂತನಕ ಉತ್ತರಕ್ಕ ತಲಿ ಹಾಕೂದಿಲ್ರಿ!"

ಆರು ಸಲ ಕೊಂದರು. ಆರೂ ಸಲ ಮಾವ ಪೂರ್ವಕ್ಕೇ ಸತ್ತ. ಕೊನೆಗೆ ಕ್ಯಾಮೆರಾವನ್ನೇ ತಿರುಗಿಸಿದರು.

ಸಿನಿಮಾ ಹೇಗೋ ಓಡಿತು. ಎರಡನೇ ಭಾಗಕ್ಕೆಂದು ಅವರು ಮತ್ತೆ ಬಂದಾಗ, ಮಾವ ಮೀಸೆಗೆ ಎಣ್ಣೆ ಹಚ್ಚಿ, ನನ್ನನ್ನೂ ಎಳೆದುಕೊಂಡು ಕಂಪನಿಯ ಮ್ಯಾನೇಜರನ ಮುಂದೆ ಹಾಜರಾದ.

"ನೀವು ಮೊದಲನೇ ಭಾಗದಲ್ಲೇ ಸತ್ತಿದ್ದೀರಲ್ಲ ಯಜಮಾನ್ರೇ!"

"ಯಾರಂದ್ರು? ಮಣ್ಣು ಮಾಡಿದ್ದು ತೋರಿಸೀರೇನು? ಮಂದಿ ಬಂದು ಹಿಡಿ ಮಣ್ಣು ಹಾಕಿದ್ದು ಐತೇನು? ಮಣ್ಣಾಗೂತನಕ ನಮ್ಮ ಕಡೆ ಮನುಷ್ಯಾ ಸತ್ತಂಗಲ್ರಿ!"

ಮ್ಯಾನೇಜರ್ ತಲೆ ಕೆರೆದುಕೊಂಡ. ಇಂಥ ವಾದ ಅವನು ಎಲ್ಲಿ ಕೇಳಿದ್ದಾನು? ಮೂರು ದಿನ ಬಿಡದೆ ಹೋಗಿ ಕಾಡಿದ ಮೇಲೆ, "ಆಯ್ತು, ಸತ್ತ ಡಕಾಯಿತನ ತಮ್ಮ ಅಂತ ಹಾಕ್ತೀವಿ" ಎಂದ.

"ತಮ್ಮ ಬ್ಯಾಡ್ರಿ. ನಾನಽ ಎದ್ದು ಬರಬೇಕು" ಎಂದು ಮಾವ ಎದ್ದು ಹೊರಟೇಬಿಟ್ಟ!

ನನಗೆ ಸಿಟ್ಟು ನೆತ್ತಿಗೇರಿತು. ದಾರಿಯಲ್ಲಿ, "ಪರದೆ ಮ್ಯಾಲೆ ಮಾರಿ ಕಂಡ್ರ ಆತಲ್ಲ ಮಾವ, ತಮ್ಮಾದ್ರೇನು, ಅಣ್ಣಾದ್ರೇನು?" ಎಂದು ರೇಗಿದೆ.

ಮಾವ ಕಾಲುವೆಯ ದಂಡೆಯ ಮೇಲೆ ಕೂತ. "ನನ್ನ ಸಲುವಾಗಿ ಅಲ್ಲೋ. ನಿಮ್ಮತ್ತಿ ಆ ಸಿನಿಮಾ ನೋಡಾಕ ಬಂದಿದ್ಲು. ನಾ ಬಿದ್ದಿದ್ದು ನೋಡಿ ಚೀರಿ ಹೊರಗ ಓಡಿದ್ಲು. ಬಾಜೂಕ ಕುಂತೀನಲ್ಲ ಅಂದ್ರೂ ಕೇಳಲಿಲ್ಲ. ಇವತ್ತಿಗೂ ಮಧ್ಯಾಹ್ನ ಉಂಡು ಒಂದೀಟು ಅಡ್ಡಾದ್ರ ಸಾಕು, ಬಂದು ಎದಿ ಮುಟ್ಟಿ ನೋಡಿ ಹೋಗ್ತಾಳ. ನಿದ್ದಿ ಬಂದವನಂಗ ಸುಮ್ನ ಇರ್ತೀನಿ."

ಇಷ್ಟು ದಿನ ಅವನನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಮರುದಿನ ನಾನೊಬ್ಬನೇ ಹೋಗಿ ಮ್ಯಾನೇಜರನಿಗೆ ಇದನ್ನು ಹೇಳಿದೆ. ಅವನು ನಗಲಿಲ್ಲ. ಕಥೆ ಬರೆದವನನ್ನು ಕರೆದು, ಎದೆಗೆ ಬಿದ್ದ ಗುಂಡನ್ನು ಭುಜಕ್ಕೆ ಸರಿಸಲು ಹೇಳಿದ.

ಎರಡನೇ ಭಾಗ ಗಂಗಾವತಿಗೆ ಬಂತು. ಅತ್ತೆಯನ್ನು ನಮ್ಮಿಬ್ಬರ ನಡುವೆ ಕೂಡಿಸಿದೆವು. ಪರದೆಯ ಮೇಲೆ ಬಂಡೆಯ ಹಿಂದಿನಿಂದ ಏಳನೇ ಡಕಾಯಿತ ಎದ್ದ. ಮೈಮೇಲಿನ ಧೂಳು ಕೊಡವಿ, ಟೊಪ್ಪಿಗೆ ಇಟ್ಟುಕೊಂಡು ನಡೆದುಹೋದ. ಅಷ್ಟೇ, ಎಣಿಸಿದರೆ ನಾಲ್ಕು ಸೆಕೆಂಡು.

ಅತ್ತೆ ಪರದೆ ನೋಡುತ್ತಲೇ ಕೈ ಚಾಚಿ ಪಕ್ಕದಲ್ಲಿದ್ದ ಮಾವನ ಎದೆ ಮುಟ್ಟಿದಳು.

"ಎದ್ರೇನು?"

"ಎದ್ನಲ್ಲ" ಎಂದ ಮಾವ.

"ಇಷ್ಟ್ಯಾಕ ತಡಾ ಮಾಡಿದ್ರಿ?" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.