ಸೋಲೇ ಇಲ್ಲದ ಮೈಕು

ನಮ್ಮ ಭಾವ ಮೈಕು ಹಿಡಿದಿದ್ದಷ್ಟು ಕಾಲ ರಾಜಾಜಿನಗರದಲ್ಲಿ ಯಾವ ತಂಡವೂ ಸೋಲಲಿಲ್ಲ! ಪಂದ್ಯ ಎಂದಮೇಲೆ ಒಬ್ಬರಾದರೂ ಸೋಲಲೇಬೇಕಲ್ಲ ಎನ್ನುತ್ತೀರಾ? ಸೋಲುತ್ತಿದ್ದರು ಸ್ವಾಮಿ, ಧಾರಾಳವಾಗಿ ಸೋಲುತ್ತಿದ್ದರು. ಆದರೆ ಹಾಗೆಂದು ಭಾವ ಹೇಳಬೇಕಲ್ಲ?

ಐವತ್ತರ ದಶಕ. ನಮ್ಮ ಬಡಾವಣೆ ಅರ್ಧ ಮನೆ, ಅರ್ಧ ಖಾಲಿ ಸೈಟು. ಖಾಲಿ ಸೈಟು ಕಂಡಲ್ಲೆಲ್ಲ ಬಾಲ್ ಬ್ಯಾಡ್ಮಿಂಟನ್ ಪಂದ್ಯ, ಪಂದ್ಯವಿದ್ದಲ್ಲೆಲ್ಲ ನಮ್ಮ ಭಾವ. ಹಗಲು ಕಾರ್ಖಾನೆಯಲ್ಲಿ ಗುಮಾಸ್ತಿಕೆ, ಸಂಜೆ ಮೈಕು. ನಾನು ಓದಲೆಂದು ಅಕ್ಕನ ಮನೆಯಲ್ಲಿದ್ದವಳು. ಒಂದು ತಂಡ ಸೋತಕೂಡಲೇ ಭಾವನ ಗಂಟಲು ಅರಳುತ್ತಿತ್ತು.

"ಮಹಿಳೆಯರೇ, ಮಹನೀಯರೇ! ನಾಯಂಡಹಳ್ಳಿಯ ವೀರರು ಶಕ್ತಿಮೀರಿ ಆಡಿ, ಎದುರಾಳಿಗಳ ಬೆವರಿಳಿಸಿ, ನಮ್ಮೆಲ್ಲರ ಮನಸ್ಸು ತುಂಬಿ, ಈಗ ವಿಶ್ರಾಂತಿಗೆ ತೆರಳುತ್ತಿದ್ದಾರೆ!"

ಗೆದ್ದವರ ಹೆಸರು? ಅದು ಕೊನೆಗೆ, ಉಸಿರು ಉಳಿದಿದ್ದರೆ.

ಒಮ್ಮೆ ಫೈನಲ್‌ನಲ್ಲಿ ಕೆಂಗೇರಿಯವರು ಸೋತರು. ಗಾಡಿ ಕಟ್ಟಿಕೊಂಡು ಬಂದಿದ್ದ ಅವರ ಊರಿನವರು ಹಿಂದೆ ನಿಂತಿದ್ದರು. ಆಟ ಕಾಣಿಸದು, ಭಾವನ ದನಿಯೊಂದೇ ಕೇಳಿಸುವುದು. ಅದನ್ನು ನಂಬಿ ನಾಯಕನನ್ನು ಹೆಗಲ ಮೇಲೆ ಕೂರಿಸಿಕೊಂಡು, ತಮಟೆ ಬಾರಿಸುತ್ತ ಊರಿಗೆ ಹೊರಟೇಬಿಟ್ಟರು! ಮರುದಿನ ಬೆಳಿಗ್ಗೆ ಗೆದ್ದ ತಂಡದವರು ನಮ್ಮ ಬಾಗಿಲಲ್ಲಿ ಹಾಜರು.

"ಸಾರ್, ಗೆದ್ದೋರು ನಾವಾ, ಅವ್ರಾ?"

"ನೀವೇ ಕಣ್ರಯ್ಯ. ಅದರಲ್ಲೇನು ಅನುಮಾನ?"

"ಮತ್ತೆ ಮೆರವಣಿಗೆ ಅವ್ರದ್ಯಾಕೆ ಸಾರ್?"

"ಕಪ್ ನಿಮ್ಮತ್ರ ಇದೆ. ತಮಟೆನಾದ್ರೂ ಅವರತ್ರ ಇರಲಿ ಬಿಡಿ!"

ಮನೆಯಲ್ಲೂ ಇದೇ ಕಥೆ. ಅಕ್ಕ ಹುಳಿ ಸೀಯಿಸಿದಳೆನ್ನಿ, ಭಾವ ಊಟದೆಲೆಯ ಮುಂದೆ ಕುಳಿತು, "ಬೇಳೆಯವರು ಬೆಂಕಿಯೊಡನೆ ಕೊನೆಯವರೆಗೂ ಹೋರಾಡಿ..." ಎಂದು ಶುರುಮಾಡುವರು.

"ಸೀದಿದೆ ಅಂತ ನೆಟ್ಟಗೆ ಹೇಳೋಕೇನ್ರೀ ಕಷ್ಟ?" ಎಂದು ಅಕ್ಕ ಸೌಟು ಕುಕ್ಕುವಳು.

ನಾನು ಇಂಟರ್‌ಮೀಡಿಯೆಟ್‌ನಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದಾಗ ಬೀದಿಯಲ್ಲಿ ಅವರು ಸುದ್ದಿ ಹೇಳಿದ ಚೆಂದಕ್ಕೆ, ಪಕ್ಕದ ಮನೆಯವರು ಮೈಸೂರುಪಾಕು ತಂದುಕೊಟ್ಟರು! ನಾನು ಅಳುತ್ತಲೇ ತಿಂದೆ.

"ಭಾವ, ಸೋತರು ಅಂತ ಒಂದು ಸಲಾನಾದ್ರೂ ಅನ್ನಬಾರದಾ?" ಎಂದು ಕೇಳಿದೆ.

"ಸೋತೋನಿಗೆ ಅದು ಗೊತ್ತೇ ಇರುತ್ತಲ್ಲಮ್ಮ. ಮೈಕಲ್ಲಿ ಬೇರೆ ಹೇಳ್ಬೇಕಾ?" ಎಂದರು.

ಇಂಥವರನ್ನು ರೇಡಿಯೋದವರು ಕರೆದರು! ಭಾನುವಾರ ಸಂಜೆ ಐದು ನಿಮಿಷ ಕ್ರೀಡಾ ಸುದ್ದಿ ಓದುವುದು. ಸರಿಹೋದರೆ ಕೆಲಸ ಖಾಯಂ. ಭಾವನಿಗೆ ಚಿಕ್ಕಂದಿನಿಂದ ಇದ್ದ ಆಸೆ ಇದೊಂದೇ. ಹೊಸ ಕೋಟು ಹೊಲಿಸಿದರು, ಮೆಣಸಿನಕಾಯಿ ಬಿಟ್ಟರು, ತಣ್ಣೀರು ಬಿಟ್ಟರು. ಬೀದಿ ಮೂಲೆಯ ಹೋಟೆಲಿನ ರೇಡಿಯೋ ಮುಂದೆ ನಾವೆಲ್ಲ ನೆರೆದೆವು. ಎಂಥ ದನಿ! ಕಾಫಿ ಲೋಟ ಹಿಡಿದವರು ಕುಡಿಯುವುದನ್ನೇ ಮರೆತರು. ಆದರೆ ಸೋತವರ ಗುಣಗಾನ ಮುಗಿಯುವಷ್ಟರಲ್ಲಿ ಐದು ನಿಮಿಷವೂ ಮುಗಿದು, ಗೆದ್ದವರು ಯಾರೆಂಬುದು ಗುಟ್ಟಾಗಿಯೇ ಉಳಿಯಿತು.

ಪ್ರತಿ ಭಾನುವಾರವೂ ಇದೇ ಹಾಡು. ಕೇಳುಗರು ದೂರಿದರು. ಅಧಿಕಾರಿ ಕರೆದು, "ಗೆದ್ದೋರು ಯಾರು, ಸೋತೋರು ಯಾರು, ಅಷ್ಟು ಹೇಳಿ ಸ್ವಾಮಿ. ಮುಂದಿನ ವಾರವೂ ಹೀಗೇ ಆದ್ರೆ ನಾವು ಬೇರೆಯವರನ್ನ ನೋಡ್ಕೋತೀವಿ" ಎಂದರಂತೆ.

ಅಕ್ಕ ಅಂಗಲಾಚಿದಳು. "ಒಂದೇ ಒಂದು ಸಲ ಸೋತರು ಅನ್ರೀ, ನಿಮ್ಮ ಗಂಟೇನು ಹೋಗುತ್ತೆ?"

ಪಾಪ, ಭಾವ ವಾರವಿಡೀ ಬಚ್ಚಲಮನೆಯಲ್ಲಿ ಅಭ್ಯಾಸ ಮಾಡಿದರು. "ಸೋ... ಸೋ..." ಎಂದು ಒಳಗಿನಿಂದ ಸದ್ದು. ಹಾಲಿನವನು ಹೆದರಿ, "ಅಮ್ಮಾವ್ರೇ, ಯಜಮಾನ್ರಿಗೆ ಹುಷಾರಿಲ್ವಾ?" ಎಂದು ವಿಚಾರಿಸಿಕೊಂಡ.

ಭಾನುವಾರ ಬಂತು. ಹೋಟೆಲಿನ ಮುಂದೆ ಇಡೀ ಬೀದಿ. ಭಾವ ಗೆದ್ದವರ ಹೆಸರನ್ನು ಮೊದಲೇ ಹೇಳಿಬಿಟ್ಟರು! ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. "ಇವರೆದುರು ಚಿಕ್ಕ ವಯಸ್ಸಿನ ಕೆಂಗೇರಿ ಹುಡುಗರು..." ಎಂದು ದನಿ ನಿಂತಿತು. ರೇಡಿಯೋ ಕೆಟ್ಟಿತೇನೋ ಎಂದು ಹೋಟೆಲಿನವನು ಅದರ ತಲೆ ತಟ್ಟಿದ. ಆಮೇಲೆ ಕೇಳಿಸಿತು: "...ಶಕ್ತಿಮೀರಿ ಆಡಿ, ನಮ್ಮೆಲ್ಲರ ಮನಸ್ಸು ತುಂಬಿ..."

ಅಕ್ಕ ಹಣೆ ಚಚ್ಚಿಕೊಂಡು ಮನೆಗೆ ನಡೆದಳು.

ಭಾವ ಬಂದಾಗ ಕೋಟು ತೋಳಿನ ಮೇಲಿತ್ತು. ಬೀದಿಯವರು ಗೇಟಿನ ಬಳಿ ಸುತ್ತುವರಿದು, "ಏನಾಯ್ತು ಸಾರ್? ಖಾಯಂ ಆಯ್ತಾ?" ಎಂದರು. ಭಾವ ಬಾಯಿ ತೆರೆದರು. ಮೈಕಿಲ್ಲದೆಯೂ ಮಾಗಡಿ ರಸ್ತೆಗೆ ಕೇಳಿಸುವ ಆ ಗಂಟಲಿನಿಂದ ಒಂದು ಮಾತೂ ಹೊರಡಲಿಲ್ಲ. ಅವರು ಹಾಗೆ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಅಕ್ಕ ಒಳಗಿನಿಂದ ಬಂದಳು. ಈಗ ಆಯಿತು ಮಂಗಳಾರತಿ ಎಂದುಕೊಂಡೆ. ಅವಳು ಸೆರಗಿಗೆ ಕೈಯೊರೆಸಿಕೊಂಡು ಗಂಡನ ಪಕ್ಕ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಮಹಿಳೆಯರೇ, ಮಹನೀಯರೇ! ನಮ್ಮ ಮನೆಯವರು ರೇಡಿಯೋದವರೆದುರು ಶಕ್ತಿಮೀರಿ ಆಡಿ, ಅವರ ಬೆವರಿಳಿಸಿ, ನಮ್ಮೆಲ್ಲರ ಮನಸ್ಸು ತುಂಬಿ, ಈಗ ಊಟಕ್ಕೆ ತೆರಳುತ್ತಿದ್ದಾರೆ!"

ಬೀದಿಯವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದಷ್ಟು ತಟ್ಟಿದೆ. ಭಾವ ಅಕ್ಕನ ಕಡೆ ತಿರುಗಿದರು. ಮೂಗೆಳೆದುಕೊಂಡು ಮೆಲ್ಲಗೆ ಕೇಳಿದರು.

"ಹುಳಿ ಏನಾಗಿದೆಯೇ?"

"ಸೀದಿದೆ, ಬನ್ನಿ" ಎಂದಳು ಅಕ್ಕ.