ಔಷಧಿ ಕಿಟಕಿಯ ಮೇಡಂ ಮೇಲೆ ಕೊಟ್ಟ ದೂರನ್ನು ವಾಪಸು ಪಡೆಯುವ ಬಗ್ಗೆ

ಇಂದ:
ಬಸ್ ನಿಲ್ದಾಣದ ಹಿಂದಿನ ಓಣಿಯ ಟೈಲರ್
(ನಲವತ್ತೊಂದು ವರ್ಷದ ಅನುಭವ, ಸದ್ಯ ಮನೆಯಲ್ಲಿ ಮಾತ್ರೆ ಕೊಡುವ ಅಧಿಕಾರದಿಂದ ಅಮಾನತಾಗಿರುವ ಗಂಡ)

ಗೆ:
ಮಾನ್ಯ ಮುಖ್ಯ ವೈದ್ಯಾಧಿಕಾರಿಗಳು,
ಆಸ್ಪತ್ರೆ, ಮೊದಲ ಮಹಡಿ, ಪರದೆ ಇರುವ ಕೋಣೆ

ವಿಷಯ: ಔಷಧಿ ಕಿಟಕಿಯ ಮೇಡಂ ಅವರನ್ನು ಸ್ಟೋರ್ ರೂಮಿನಿಂದ ಪುನಃ ಕಿಟಕಿಗೆ ಕರೆಸುವ ಕುರಿತು.

ಉಲ್ಲೇಖ: ೧. ಎರಡು ತಿಂಗಳ ಹಿಂದೆ ನಾನೇ ದೂರು ಪೆಟ್ಟಿಗೆಗೆ ಹಾಕಿದ ಪತ್ರ.
೨. ಸದರಿ ಪತ್ರದ ಬಗ್ಗೆ ನನ್ನ ಹೆಂಡತಿ ನಿನ್ನೆ ಮೌಖಿಕವಾಗಿ ಹೊರಡಿಸಿದ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ದೂರು ಪೆಟ್ಟಿಗೆಗೆ ಏನು ಬರೆದು ಹಾಕಿದರೂ ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ನಾನು ಬರೆದಿದ್ದೆ. ತಾವು ಓದಿಬಿಟ್ಟಿರಿ. ಓದಿದ್ದಲ್ಲದೆ ಕ್ರಮವನ್ನೂ ಕೈಗೊಂಡಿರಿ. ಇದು ನಾನು ಕನಸಿನಲ್ಲೂ ಎಣಿಸಿದ್ದಲ್ಲ.

೧. ನನ್ನ ಹೆಂಡತಿಗೆ ಬಿ.ಪಿ. ಇರುತ್ತದೆ. ಅದಕ್ಕೆ ನಾನೇ ಕಾರಣ ಎಂಬುದು ಅವಳ ಅಭಿಪ್ರಾಯ. ಡಾಕ್ಟರು ಆ ಬಗ್ಗೆ ಏನೂ ಹೇಳಿಲ್ಲ. ಅವಳಿಗೆ ಮಂಡಿ ನೋವಿರುವ ಕಾರಣ ತಿಂಗಳಿಗೊಮ್ಮೆ ಮಾತ್ರೆ ತರುವುದು ನನ್ನ ಕೆಲಸ.

೨. ಎರಡು ತಿಂಗಳ ಹಿಂದೆ ಸದರಿ ಮೇಡಂ ಮಾತ್ರೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಂದೊಂದನ್ನೂ ಬೆರಳಿಟ್ಟು ವಿವರಿಸಿದರು. ನಾನು ಹೂಂ ಎಂದೆ. ಹೂಂ ಎಂದವನನ್ನು ಬಿಟ್ಟು ಕಳಿಸುವುದು ಲೋಕರೂಢಿ. ಇವರು ಬಿಡಲಿಲ್ಲ. "ನಾನು ಹೇಳಿದ್ದು ಇರ್ಲಿ ಸರ್. ಈಗ ಮನೆಗೆ ಹೋಗಿ ಅಮ್ಮಾವ್ರಿಗೆ ಏನು ಹೇಳ್ತೀರಿ? ನಂಗೆ ಹೇಳಿ ನೋಡೋಣ" ಎಂದರು.

೩. ನಾನು ಹೇಳಿದೆ. ತಪ್ಪಾಯಿತು. ಮತ್ತೊಮ್ಮೆ ಹೇಳಿದೆ. ಮೊದಲು ಸರಿಯಿದ್ದದ್ದೂ ತಪ್ಪಾಯಿತು. ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, "ಅಯ್ಯೋ, ಬಿಳೀದು ತಿಂಡಿ ಆದ್ಮೇಲೆ ಕಣಪ್ಪಾ! ನಂಗೇ ಬಾಯಿಪಾಠ ಆಯ್ತು" ಎಂದರು. ಇಡೀ ಸಾಲು ನಕ್ಕಿತು. ಊರಿನ ಅರ್ಧ ಜನರ ಸೊಂಟದ ಅಳತೆ ಬಾಯಲ್ಲೇ ಇಟ್ಟುಕೊಂಡಿರುವ ನನಗೆ ಮೂರು ಮಾತ್ರೆ ನೆನಪಿಡಲು ಆಗಲಿಲ್ಲವೆಂದು ನಕ್ಕರು. ಮರ್ಯಾದೆ ಮೂರು ಕಾಸಿಗೆ ಹೋಯಿತು. ಆದ್ದರಿಂದ ಅಲ್ಲೇ ಬೆಂಚಿನ ಮೇಲೆ ಕೂತು, "ಔಷಧಿ ಕೊಡುವವರು ಹಿರಿಯರನ್ನು ಒಂದನೇ ಕ್ಲಾಸಿನ ಮಕ್ಕಳಂತೆ ಪಾಠ ಒಪ್ಪಿಸಲು ಹೇಳುತ್ತಾರೆ, ಸಾಲು ಮುಂದೆ ಹೋಗುವುದೇ ಇಲ್ಲ" ಎಂದು ಬರೆದು ಹಾಕಿದೆ.

೪. ಮುಂದಿನ ವಾರವೇ ಮೇಡಂ ಸ್ಟೋರ್ ರೂಮಿಗೆ ಹೋದರು. ಮುಂದಿನ ತಿಂಗಳು ನಾನು ಹೋದಾಗ ಅವರ ಬದಲಿಗೆ ಕಿಟಕಿಯಲ್ಲಿದ್ದ ಸಜ್ಜನರು ಬಹಳ ಚುರುಕು. "ಇದು ಬೆಳಿಗ್ಗೆ ಇದು ರಾತ್ರಿ ಕಂಪನಿ ಬದ್ಲಾಗಿದೆ ಹಳೇದು ಬಿಟ್ಟು ಇದು ಗೊತ್ತಾಯ್ತಾ ನೆಕ್ಸ್ಟ್" ಎಂದು ಒಂದೇ ಉಸಿರಿನಲ್ಲಿ ಮುಗಿಸಿದರು. ನಾನು ಹೂಂ ಎಂದೆ. ಅವರು ಹೇಳುವಾಗ ನಾನು ಅವರ ಬಿಳಿ ಕೋಟನ್ನು ನೋಡುತ್ತಿದ್ದೆ. ಎಡ ಭುಜ ಅರ್ಧ ಇಂಚು ಇಳಿದಿತ್ತು. ಅಂಥ ಕೋಟು ಕಣ್ಣೆದುರಿಗಿದ್ದರೆ ನನ್ನ ಕಿವಿ ಕೆಲಸ ಮಾಡುವುದಿಲ್ಲ. ಇದು ನನ್ನ ವೃತ್ತಿಯ ದೋಷ, ತಾವು ದಯವಿಟ್ಟು ಗಮನಿಸಬೇಕು.

೫. ಇನ್ನು ಮನೆಯ ವ್ಯವಸ್ಥೆ. ಕತ್ತರಿ ಸಿಕ್ಕರೆ ನಾನು ಸುಮ್ಮನಿರುವವನಲ್ಲ. ಮಾತ್ರೆಯ ಪಟ್ಟಿಗಳನ್ನು ಒಂದೊಂದೇ ಮಾತ್ರೆಯಾಗಿ ಕತ್ತರಿಸಿ, ಉಳಿಕೆ ಪ್ಯಾಂಟ್ ಬಟ್ಟೆಯಲ್ಲಿ ಸಾಲು ಸಾಲು ಜೇಬು ಹೊಲಿದು, ಬಿಳಿ ಮಾತ್ರೆಗೆ ಬಿಳಿ ದಾರ, ಹಳದಿಗೆ ಹಳದಿ ದಾರ ಹಾಕಿ ಗೋಡೆಗೆ ತೂಗುಹಾಕಿದ್ದೆ. ನೋಡಿದವರೆಲ್ಲ ಭೇಷ್ ಎಂದಿದ್ದರು. ಕತ್ತರಿಸಿದಾಗ ಮಾತ್ರೆಯ ಹೆಸರೂ ಕತ್ತರಿಸಿ ಹೋಯಿತು ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊಸ ಕಂಪನಿಯ ಮಾತ್ರೆ ಗುಲಾಬಿ ಬಣ್ಣದ್ದು. ಹೊಸ ಬಣ್ಣ ಬಂದ ಕಾರಣ ಹೊಸ ಜೇಬು ಬೇಕೆಂದು ತಿಳಿದು, ಗುಲಾಬಿ ದಾರ ಹುಡುಕಿ ತಂದು, ಇನ್ನೊಂದು ಸಾಲು ಹೊಲಿದೆ. ಹಳೆಯ ಬಿಳಿ ಮಾತ್ರೆ ಹದಿನೈದು ದಿನಕ್ಕಾಗುವಷ್ಟು ಉಳಿದಿತ್ತು. ಅದನ್ನೂ ಕೊಟ್ಟೆ, ಇದನ್ನೂ ಕೊಟ್ಟೆ.

೬. ಹೀಗೆ ಒಂಬತ್ತು ದಿನ. ಒಂಬತ್ತನೇ ದಿನ ಬೆಳಿಗ್ಗೆ ಅವಳು ಬಟ್ಟೆ ಒಣಹಾಕುತ್ತಾ, "ರೀ, ಯಾಕೋ ನೆಲ ತಿರುಗ್ತಿದೆ" ಎಂದಳು. ನಾನು ತಮಾಷೆಗೆ, "ಭೂಮಿ ತಿರುಗೋದು ನಿಂಗೆ ಇವತ್ತು ಗೊತ್ತಾಯ್ತಾ?" ಎಂದೆ. ತಿರುಗಿ ನೋಡುವಷ್ಟರಲ್ಲಿ ಕುಸಿದು ಕೂತಿದ್ದಳು. ಮುಖ ಸುಣ್ಣದಂತಾಗಿತ್ತು. ಆ ತಮಾಷೆಯನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

೭. ಆಟೋ ಹತ್ತಿಸಿ ತಮ್ಮಲ್ಲಿಗೇ ಕರೆತಂದೆ. ಡಾಕ್ಟರು ತಿನ್ನುವ ಮಾತ್ರೆಗಳನ್ನೆಲ್ಲ ತನ್ನಿ ಎಂದರು. ಮನೆಗೆ ಹೋಗಿ ಗೋಡೆಯಿಂದ ಬಟ್ಟೆ ಕಿತ್ತು ಹೆಗಲ ಮೇಲೆ ಹಾಕಿಕೊಂಡು ಓಡಿ ಬಂದೆ. ಹೆಸರಿಲ್ಲದ ಮಾತ್ರೆ ನೋಡಿ ಡಾಕ್ಟರು ತಲೆ ಕೆರೆದುಕೊಂಡರು. ಅವರು ಹೇಳಿ ಕಳಿಸಿದ ಮೇಲೆ ಸ್ಟೋರ್ ರೂಮಿನಿಂದ ಸದರಿ ಮೇಡಂ ಬಂದು ಬಟ್ಟೆಯನ್ನು ಮೇಜಿನ ಮೇಲೆ ಹರಡಿ, "ಈ ಗುಲಾಬಿ ಜೇಬು ಯಾವಾಗ ಹೊಲಿದ್ರಿ ಸರ್?" ಎಂದು ಒಂದೇ ಪ್ರಶ್ನೆ ಕೇಳಿದರು. ಉತ್ತರ ಬರುವ ತನಕ ಕಾದರು. ನಿಜ ಒಂದು ನಿಮಿಷದಲ್ಲಿ ಹೊರಬಿತ್ತು: ಎರಡೂ ಒಂದೇ ಔಷಧಿ, ಅಂಗಿ ಮಾತ್ರ ಬೇರೆ.

೮. ಮೇಡಂ ನನ್ನನ್ನು ಬೈಯಲಿಲ್ಲ. "ಹೊಲಿಗೆ ತುಂಬಾ ಚೆನ್ನಾಗಿದೆ. ಇನ್ಮೇಲೆ ಪಟ್ಟಿ ಮಾತ್ರ ಕತ್ತರಿಸ್ಬೇಡಿ" ಎಂದರು. ಬೈದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಅಷ್ಟರಲ್ಲಿ ತಮ್ಮ ಅಟೆಂಡರ್, "ಮೇಡಂನ ಸ್ಟೋರಿಗೆ ಹಾಕ್ಸಿದ್ದು ಇವ್ರ ಅರ್ಜೀನೇ" ಎಂದು ನನ್ನ ಹೆಂಡತಿಗೆ ತಿಳಿಸಿ ಉಪಕಾರ ಮಾಡಿದರು. ಅವಳು ಮಂಚದ ಮೇಲೆ ಮಲಗಿದ್ದಲ್ಲಿಂದಲೇ, "ಎದ್ದು ಓಡಾಡೋ ಹಾಗಾಗ್ಲಿ, ನಿಮಗಿದೆ" ಎಂದಳು. ಅವಳ ಆರೋಗ್ಯ ಸುಧಾರಿಸುತ್ತಿದೆ ಎಂದು ನನಗೆ ಖಾತ್ರಿಯಾಯಿತು.

೯. ಸದ್ಯ ಅವಳು ಎದ್ದು ಓಡಾಡುತ್ತಿದ್ದಾಳೆ. ಮೇಡಂ ಕಿಟಕಿಗೆ ಬರುವ ತನಕ ಆ ಕಿಟಕಿಯಿಂದ ತಂದ ಮಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ ಎಂದು ಆದೇಶಿಸಿದ್ದಾಳೆ. ಮನೆಯಲ್ಲಿರುವುದು ಇನ್ನು ಐದು ದಿನದ ಮಾತ್ರೆ.

ಆದ್ದರಿಂದ, ನನ್ನ ದೂರು ಸುಳ್ಳಲ್ಲದಿದ್ದರೂ ಶುದ್ಧ ತಪ್ಪಾಗಿರುವ ಕಾರಣ, ಸಾಲು ನಿಧಾನವಾದ ಕಾರಣಕ್ಕೆ ಯಾರೂ ಕುಸಿದು ಬೀಳದಿರುವ ಕಾರಣ, ಸದರಿ ದೂರನ್ನು ರದ್ದುಪಡಿಸಿ ಮೇಡಂ ಅವರನ್ನು ಮೊದಲಿನ ಜಾಗಕ್ಕೇ ಕೂರಿಸಬೇಕಾಗಿ ಕೋರುತ್ತೇನೆ. ಸಾಲಿನವರು ನಗುವುದಾದರೆ ನಗಲಿ.

ತಮ್ಮ ವಿಶ್ವಾಸಿ
(ಹೆಂಡತಿಯ ವಿಶ್ವಾಸ ಇನ್ನೂ ಮಂಜೂರಾಗಿಲ್ಲ),
ಟೈಲರ್

ಲಗತ್ತುಗಳು:
ಅ. ಹಳೆಯ ದೂರಿನ ನಕಲು, ಹೆಂಡತಿಯಿಂದ ಅರ್ಧ ಹರಿಯಲ್ಪಟ್ಟ ಸ್ಥಿತಿಯಲ್ಲಿ.
ಆ. ಗುಲಾಬಿ ಸಾಲು, ಬಟ್ಟೆಯಿಂದ ಬಿಚ್ಚಿದ್ದು.
ಇ. ಮೇಲಿನದ್ದೆಲ್ಲ ನಿಜವೆಂದು ಹೆಂಡತಿಯ ಸಹಿ.

ವಿಶೇಷ ಸೂಚನೆ: ಇಲ್ಲಿಯವರೆಗೆ ಅವಳು ಪಕ್ಕದಲ್ಲೇ ಕೂತು ಬರೆಸಿದಳು. ಈಗ ಹಾಲು ಉಕ್ಕುತ್ತದೆಂದು ಎದ್ದು ಹೋಗಿರುವುದರಿಂದ ಬೇಗ ಬರೆಯುತ್ತಿದ್ದೇನೆ. ತಿಂಗಳ ಹಿಂದೆ ನಾನೂ ತಮ್ಮಲ್ಲಿ ಎದೆ ನೋವೆಂದು ತೋರಿಸಿಕೊಂಡೆ. ಡಾಕ್ಟರು ಚೀಟಿ ಬರೆದು, ಇದನ್ನು ಜೀವ ಇರೋ ತನಕ ತಗೋಬೇಕು ಎಂದರು. ಹಾಗೆಂದರೆ ಇನ್ನೆಷ್ಟು ದಿನ ಎಂದು ಕೇಳಬೇಕಿತ್ತು. ಕಿಟಕಿಯಲ್ಲಿ, ಹಿಂದೆ ಮೂವತ್ತು ಜನ ನಿಂತಿರುವಾಗ, ನೆಕ್ಸ್ಟ್ ಎನ್ನುವವರ ಮುಂದೆ ಕೇಳಲಾಗಲಿಲ್ಲ. ಚೀಟಿ ಹಾಗೇ ನನ್ನ ಹತ್ತಿರವಿದೆ. ಒಂದು ಮಾತ್ರೆಯನ್ನೂ ತೆಗೆದುಕೊಂಡಿಲ್ಲ. ಅವಳಿಗೆ ಗೊತ್ತಿಲ್ಲ. ನನಗೆ ಭಯವಾಗಿದೆ. ಕಾರಣ, ಮೇಡಂ ಅವರನ್ನು ಸೋಮವಾರದೊಳಗೆ ಕಿಟಕಿಗೆ ಕರೆಸಬೇಕಾಗಿಯೂ, ಉತ್ತರವನ್ನು ಮನೆಗೆ ಕಳಿಸದೆ ಅಂಗಡಿಯ ವಿಳಾಸಕ್ಕೆ ಕಳಿಸಬೇಕಾಗಿಯೂ ವಿನಂತಿ.