ನೆಕ್ಕರೆಪದವು ವಿಮಾನ ನಿಲ್ದಾಣದಿಂದ ನಗರಕ್ಕೆ

ನೆಕ್ಕರೆಪದವು ವಿಮಾನ ನಿಲ್ದಾಣದಿಂದ ಕಾಸರಗೋಡು ನಗರಕ್ಕೆ ಖಾಸಗಿ ಕಾರುಗಳ ಸೇವೆಯು ಎರಡು ಸಾವಿರದ ಹನ್ನೆರಡನೇ ಇಸವಿಯ ವಿಷುವಿನ ದಿನ ದೀಪ ಬೆಳಗಿ ಆರಂಭವಾಯಿತು. ವಿಮಾನ ನಿಲ್ದಾಣ ಆಗ ಆರಂಭವಾಗಿರಲಿಲ್ಲ, ಈಗಲೂ ಆಗಿಲ್ಲ. ಆದರೆ ಒಂದು ಕೆಲಸಕ್ಕೆ ಇನ್ನೊಂದು ಕಾದು ಕೂತರೆ ಊರು ಮುಂದೆ ಬರುವುದಿಲ್ಲವೆಂದು ಬಲ್ಲವರು ಈ ಸೇವೆಯನ್ನು ಏರ್ಪಡಿಸಿದವರು.

ಮುಳ್ಳೇರಿಯದಿಂದ ಒಳಗೆ ಹೋದರೆ ಸಿಗುವ ಆ ಪದವಿನಲ್ಲಿ, ಎಂದರೆ ಗುಡ್ಡೆಯ ಮೇಲಿನ ಬಯಲಿನಲ್ಲಿ, ಒಂದು ದಿನ ಯಾರೋ ಮೂವರು ಮೂರು ಕಾಲಿನ ಯಂತ್ರ ಊರಿ, ಅದರೊಳಗೆ ಇಣುಕಿ, ಎಳನೀರು ಕುಡಿದು ಹೋದರು. ಯಾವ ಇಲಾಖೆಯವರೆಂದು ಕೇಳಲು ಯಾರಿಗೂ ಹೊಳೆಯಲಿಲ್ಲ. ಸಂಜೆಯೊಳಗೆ ಅದು ವಿಮಾನ ನಿಲ್ದಾಣದ ಅಳತೆಯೆಂದು ಪೇಟೆಯಲ್ಲಿ ಇತ್ಯರ್ಥವಾಯಿತು. ಬೇರೆ ಊರಿನವರಾಗಿದ್ದರೆ ವಿಮಾನ ಬರಲಿ, ನೋಡುವ ಎಂದು ಸುಮ್ಮನಿರುತ್ತಿದ್ದರು. ನಮ್ಮ ಟ್ಯಾಕ್ಸಿಯವರ ಹೆದರಿಕೆಯೇ ಬೇರೆ. ನಮ್ಮ ಕಡೆ ಸ್ಟ್ಯಾಂಡಿನ ಹಕ್ಕು ಮೊದಲು ನಿಂತವನದು. ಒಮ್ಮೆ ಸಾಲು ಹಿಡಿದವನನ್ನು ಎಬ್ಬಿಸುವುದು ಬ್ರಹ್ಮನಿಂದಲೂ ಆಗದ ಕೆಲಸ. ವಿಮಾನ ಇಳಿಯುವ ದಿನ ನೋಡಿದರೆ ಬಂದ್ಯೋಡಿನವರ ಕಾರುಗಳು ನಿಂತಿದ್ದರೆ? ಆದುದರಿಂದ ವಿಮಾನಕ್ಕಿಂತ ಮೊದಲು ಸ್ಟ್ಯಾಂಡ್ ಆಗಬೇಕೆಂದು ತೀರ್ಮಾನವಾಗಿ, ಪೇಟೆಯಲ್ಲಿದ್ದ ಬಾಡಿಗೆ ಕಾರುಗಳೆಲ್ಲ ಪದವು ಹತ್ತಿ ಸಾಲಾಗಿ ನಿಂತವು.

ಹಾಗೆ ನಿಂತದ್ದೇ ಊರಿನ ಪುಣ್ಯ. ದಾರಿಹೋಕರು ಮುಳಿಹುಲ್ಲಿನ ನಡುವೆ ಕಾರುಗಳ ಸಾಲನ್ನು ಕಂಡರು. ಇಷ್ಟು ಕಾರು ಸುಮ್ಮನೆ ನಿಲ್ಲುವುದುಂಟೇ, ವಿಮಾನ ನಿಲ್ದಾಣ ಇಲ್ಲೇ ಎಲ್ಲಿಯೋ ಇರಬೇಕೆಂದು ಜಾಗ ಕ್ರಯಕ್ಕೆ ಕೇಳಿಕೊಂಡು ಬರತೊಡಗಿದರು. ಪದವಿನ ಅಂಚಿನ ಜಾಗ ಕೆಂಪುಕಲ್ಲಿನ ವ್ಯಾಪಾರಿ ಪೊಕ್ಕರ್ ಹಾಜಿಯವರದು. ಜಾಗದ ಆಧಾರ, ಎಂದರೆ ಕ್ರಯಪತ್ರ, ಬರೆಯುವ ವೃತ್ತಿ ಗೌರೀಶಂಕರರದು. ಜಾತಿಮತ ಭೇದವಿಲ್ಲದೆ ಒಬ್ಬರು ಹೊಸತಾಗಿ ಹುಟ್ಟಿದ ವಿಮಾನ ನಿಲ್ದಾಣ ಕ್ರಿಯಾಸಮಿತಿಯ ಅಧ್ಯಕ್ಷರೂ ಇನ್ನೊಬ್ಬರು ಕಾರ್ಯದರ್ಶಿಯೂ ಆದರು. ಕಾರಿನವರಿಗೆ ನಿಂತದ್ದಕ್ಕೆ ಸಮಿತಿಯಿಂದ ‘ನಿಲುಗಡೆ ಭತ್ಯೆ’ ಎಂದು ಕೊಡುವ ಕ್ರಮವೂ ಬಂತು. ಓಡುವುದಕ್ಕಿಂತ ನಿಲ್ಲುವುದೇ ಲಾಭವೆಂದು ಕಂಡ ಮೇಲೆ ಯಾವ ಡ್ರೈವರನೂ ಪೇಟೆಯ ಬಾಡಿಗೆಗೆ ಇಳಿಯಲಿಲ್ಲ.

ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ದರ್ಜಿ ಮುದ್ದಣ್ಣನಿಗೆ ಮಾತ್ರ ಸ್ವಲ್ಪ ಆಯಿತು.

ಮುದ್ದಣ್ಣನ ಅಂಗಡಿಯ ಬಟ್ಟೆಗಳಿಗೆ ಕಾಜಾ ಹಾಕಿ ಬಟನ್ ಹೊಲಿಯುವುದು ಅವನ ಹೆಂಡತಿ ಶಂಕರಿಯ ಕೆಲಸ. ಮದುವೆಯಾದಂದಿನಿಂದ ಮಾಡಿಕೊಂಡು ಬಂದದ್ದು. ಆ ವರ್ಷ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಸೂಜಿಗೆ ನೂಲು ಪೋಣಿಸಲು ಮುದ್ದಣ್ಣನನ್ನೇ ಕರೆಯುವಂತಾಯಿತು. ಒಮ್ಮೆ ಭಟ್ಟರ ಅಂಗಿಗೆ ಬಟನನ್ನು ಬೆನ್ನಿನ ಬದಿಗೆ ಹೊಲಿದಳು. ಭಟ್ಟರು ಒಳ್ಳೆಯವರು, ಒಂದು ವಾರ ಹಾಗೆಯೇ ಹಾಕಿಕೊಂಡರು. ದೇವರಿಗೆ ಹರಕೆ ಹೇಳಿಕೊಂಡ ಮುದ್ದಣ್ಣ ಕಾಸರಗೋಡಿನ ಆಸ್ಪತ್ರೆಗೂ ಹೋಗಿ ಕೇಳಿದ. ಅಲ್ಲಿಗೆ ಕಣ್ಣಿನ ದೊಡ್ಡ ಡಾಕ್ಟರು ಮಂಗಳೂರಿನಿಂದ ತಿಂಗಳಿಗೊಮ್ಮೆ ಬರುವುದು. ಒಂದು ಕಣ್ಣು ಈ ಸಲ, ಇನ್ನೊಂದು ಮತ್ತೆ ಎಂದು ದಿನ ಕೊಟ್ಟರು. ದಿನ ಗೊತ್ತಾದ ಮೇಲೆ ಅದೇ ದಿನಕ್ಕೆ ಹರತಾಳ ಕರೆ ಬಂತು. ಬಸ್ಸಿಲ್ಲ, ಆಟೋ ಇಲ್ಲ. ಆಸ್ಪತ್ರೆಯ ವಾಹನದಲ್ಲಿ ಬರುವ ಡಾಕ್ಟರಿಗೆ ಹರತಾಳ ಇಲ್ಲ, ಈ ಸಲ ತಪ್ಪಿದರೆ ಪುನಃ ಸಾಲಿನ ಕೊನೆಗೆ.

ಆದರೆ ಹರತಾಳದಿಂದ ವಿಮಾನ ನಿಲ್ದಾಣದ ಕಾರುಗಳಿಗೆ ವಿನಾಯಿತಿ ಉಂಟೆಂದು ಪತ್ರಿಕೆಯಲ್ಲೇ ಇತ್ತು. ಮುದ್ದಣ್ಣನ ನೆರೆಮನೆಯ ಯೋಗೀಶನ ಬಿಳಿ ಇಂಡಿಕಾ ಪ್ರತಿದಿನ ಬೆಳಿಗ್ಗೆ ಇವರ ಬೇಲಿಯ ತಡಮೆಯ ಎದುರಿನಿಂದಲೇ ಖಾಲಿ ಪದವಿಗೆ ಹೋಗುತ್ತಿತ್ತು. ಮುದ್ದಣ್ಣ ಅವನನ್ನೇ ಕೇಳಿದ. ಯೋಗೀಶ ತಲೆ ತಗ್ಗಿಸಿದ. ದಾರಿಯಲ್ಲಿ ಜನ ಹತ್ತಿಸಿದರೆ ಸಾಲಿನಿಂದ ಹೆಸರು ಹೋಗುತ್ತದೆ, ಆಫೀಸಿಗೆ ಹೋಗಿ ಬುಕ್ ಮಾಡಿ ಎಂದ.

ರೇಷನ್ ಅಂಗಡಿಯ ಮಾಳಿಗೆಯಲ್ಲಿ ಬುಕಿಂಗ್ ಆಫೀಸು. ಗೌರೀಶಂಕರರು ಕನ್ನಡಕ ಏರಿಸಿ, “ಯಾವ ವಿಮಾನ?” ಎಂದು ಕೇಳಿದರು.

“ವಿಮಾನ ಎಂತ ಇಲ್ಲ ಗೌರೀಶಂಕರಣ್ಣ. ಮನೆಯಿಂದ ಆಸ್ಪತ್ರೆಗೆ ಹೋಗ್ಲಿಕ್ಕೆ.”

“ಮನೆಯಿಂದ ನಮ್ಮ ಸೇವೆ ಇಲ್ಲ. ಬೋರ್ಡು ಓದಲಿಲ್ವಾ? ವಿಮಾನ ನಿಲ್ದಾಣದಿಂದ ನಗರಕ್ಕೆ.”

“ಯೋಗೀಶನ ಕಾರು ನಮ್ಮ ತಡಮೆಯ ಎದುರಿನಿಂದಲೇ ಹೋಗುವುದು, ಬರುವುದು.”

“ಹೋಗಲಿ, ಬರಲಿ. ರಾಕೆಟ್ ಕೂಡ ಭೂಮಿಯ ಮೇಲಿನಿಂದಲೇ ಹೋಗುವುದು ಮುದ್ದಣ್ಣ, ಕೈ ತೋರಿಸಿದರೆ ನಿಲ್ಲಿಸ್ತಾರಾ?”

ಮುದ್ದಣ್ಣ ಬಿಡಲಿಲ್ಲ. ರೋಗಿಯಲ್ಲವೇ, ಆಸ್ಪತ್ರೆಯೆಂದು ಬೋರ್ಡು ಹಾಕಿಯಾದರೂ ಕಳಿಸಿ ಎಂದ. ಹಾಗೆ ಮಾಡಿದರೆ ಅದು ಆಸ್ಪತ್ರೆಯ ಕಾರಾಗುತ್ತದೆ, ವಿಮಾನ ನಿಲ್ದಾಣದ ಕಾರಿನ ಘನತೆ ಹೋಗುತ್ತದೆ ಎಂದು ಕಾರ್ಯದರ್ಶಿಗಳು ವಿವರಿಸಿದರು. ಆದರೆ ಅವರು ಕರುಣೆಯಿಲ್ಲದವರಲ್ಲ. ಮೇಜಿನ ಒಳಗಿನಿಂದ ನಿಯಮಾವಳಿಯನ್ನು ತೆಗೆದು, ತಾವೇ ಬರೆದದ್ದಾದರೂ ಮೊದಲ ಸಲ ಓದುವವರಂತೆ ಓದಿದರು: “ವಿಮಾನ ಸಂಚಾರ ಆರಂಭವಾಗುವ ತನಕ, ಯಾವುದೇ ವ್ಯಕ್ತಿ ಕಾಲ್ನಡಿಗೆಯಲ್ಲಿ ಪದವಿಗೆ ತಲುಪಿದರೂ ಆತನನ್ನು ಅಥವಾ ಆಕೆಯನ್ನು ಬಂದಿಳಿದವರೆಂದು ಪರಿಗಣಿಸತಕ್ಕದ್ದು. ಸಾಮಾನು ಕಡ್ಡಾಯ.”

ಹಾಗೆ ಹರತಾಳದ ದಿನ ಬೆಳಕು ಹರಿಯುವಾಗ ಮುದ್ದಣ್ಣ ಹೆಂಡತಿಯ ಕೈ ಹಿಡಿದು ನಗರಕ್ಕೆ ಬೆನ್ನು ಹಾಕಿ ಗುಡ್ಡೆ ಹತ್ತಿದ. ಕಲ್ಲಿನ ಜಾಗದಲ್ಲಿ ಶಂಕರಿ ಕಾಲಿಂದ ತಡವಿ ತಡವಿ ನಡೆದಳು. ಅರ್ಧ ದಾರಿಯಲ್ಲಿ ಯೋಗೀಶನ ಕಾರು ಖಾಲಿಯಾಗಿ ಅವರನ್ನು ದಾಟಿ ಮೇಲೆ ಹೋಯಿತು. ಅವನಿಗೂ ನಾಚಿಕೆಯಿತ್ತು, ಹಾರನ್ ಹಾಕದೆ ದಾಟಿಸಿದ.

“ಅದು ಯೋಗೀಶನದ್ದಲ್ವಾ?” ಎಂದಳು ಶಂಕರಿ. ಕಣ್ಣು ಕಾಣದಿದ್ದರೂ ಸೈಲೆನ್ಸರಿನ ಶಬ್ದ ಅವಳಿಗೆ ಗೊತ್ತು.

“ಹೌದು. ಅವ ನಮ್ಮನ್ನು ಕರೆದುಕೊಂಡು ಹೋಗಲಿಕ್ಕೆ ಹೋಗುವುದು.”

“ನಾವು ಇಲ್ಲಿ ಉಂಟಲ್ಲ?”

“ನಾವು ಇನ್ನೂ ಬಂದಿಳಿದು ಆಗಲಿಲ್ಲ,” ಎಂದ ಮುದ್ದಣ್ಣ. ಹೇಳಿದ ಮೇಲೆ ಅವನಿಗೇ ಅದರಲ್ಲಿ ನ್ಯಾಯ ಉಂಟೆಂದು ತೋರಿತು.

ಪದವಿನಲ್ಲಿ ಶೀಟು ಹಾಕಿದ ಒಂದು ಮಾಡು. ಅದರ ಬಾಗಿಲಲ್ಲಿ ಸ್ವಾಗತಕ್ಕೆ ನೇಮಿಸಿದ ಚಿತ್ರಾ, ಓದಿದ ಹುಡುಗಿ, ‘ಶ್ರೀಮತಿ ಶಂಕರಿ’ ಎಂದು ಬರೆದ ರಟ್ಟು ಹಿಡಿದು ನಿಂತಿದ್ದಳು. ಓದಲಾರದ ಶಂಕರಿ ಅವಳನ್ನು ದಾಟಿ ಮುಂದೆ ಹೋದುದರಿಂದ ಹಿಂದೆ ಕರೆತಂದು ಇನ್ನೊಮ್ಮೆ ಬರಮಾಡಿಕೊಳ್ಳಬೇಕಾಯಿತು. ಪ್ರಯಾಣ ಸುಖವಾಗಿತ್ತೇ ಎಂದು ಚಿತ್ರಾ ಕೇಳಿದಳು. ಮೊಣಕಾಲು ಸೆಳೆಯುತ್ತದೆ ಮಗಾ ಎಂದಳು ಶಂಕರಿ. ಅವರ ಸಾಮಾನೆಂದರೆ ಒಂದು ಸೀರೆ, ಒಂದು ಲೋಟ ಇದ್ದ ಬಟ್ಟೆಯ ಚೀಲ. ಅದನ್ನು ಮಾಡಿನ ಆಚೆ ತುದಿಯಲ್ಲಿ ಒಪ್ಪಿಸಿ ಈಚೆ ತುದಿಯಲ್ಲಿ ಪಡೆಯತಕ್ಕದ್ದು. ಒಪ್ಪಿಸಿದ್ದೂ ಮುದ್ದಣ್ಣ, ತಂದದ್ದೂ ಮುದ್ದಣ್ಣ. ನೀಲಿ ಅಂಗಿಯ ಇಬ್ಬರು ಹೊರೆ ಕಾರ್ಮಿಕರು ಬೀಡಿ ಹಚ್ಚಿ ಅದನ್ನು ನೋಡಿದರು. ಹೊರದೆ ನೋಡಿದ್ದಕ್ಕೂ ಕೂಲಿ ಕೊಡುವುದು ನಮ್ಮಲ್ಲಿ ಹಳೆಯ ಮರ್ಯಾದೆ, ಮುದ್ದಣ್ಣ ಕೊಟ್ಟ.

ಆಮೇಲೆ ಮೈಕಿನಲ್ಲಿ ಘೋಷಣೆಯಾಯಿತು. “ಪ್ರಯಾಣಿಕರ ಗಮನಕ್ಕೆ. ಈಗ ಬಂದಿಳಿದ ಪ್ರಯಾಣಿಕರು ಸರದಿಯ ಮೊದಲನೆಯ ಕಾರಿನಲ್ಲಿಯೇ ಪ್ರಯಾಣಿಸಬೇಕಾಗಿ ವಿನಂತಿ.”

ಮೊದಲನೆಯದು ನಿಸಾರನ ಕಾರು. ನಿಂತು ನಿಂತು ಅದರ ಬ್ಯಾಟರಿ ಹೋಗಿತ್ತು. ಪಕ್ಕದಲ್ಲಿ ಯೋಗೀಶನ ಕಾರು ಬಿಸಿಯಾಗಿಯೇ ಇತ್ತು. ಆದರೆ ಸರದಿ ತಪ್ಪಿಸಿದರೆ ಸ್ಟ್ಯಾಂಡೇ ಇಲ್ಲ, ಸ್ಟ್ಯಾಂಡ್ ಇಲ್ಲದಿದ್ದರೆ ವಿಮಾನ ನಿಲ್ದಾಣಕ್ಕೆ ಎಂತ ಬೆಲೆ? ಆದುದರಿಂದ ಮುದ್ದಣ್ಣ ಮತ್ತು ಯೋಗೀಶ ಸೇರಿ ನಿಸಾರನ ಕಾರನ್ನು ಇಳಿಜಾರಿನ ತನಕ ನೂಕಿದರು. ಶಂಕರಿ ಒಳಗೆ ಕೂತು ಮನಸ್ಸಿನಲ್ಲಿಯೇ ದೇವರ ನಾಮ ಹೇಳುತ್ತಿದ್ದಳು. ಕಾರು ಕೆಮ್ಮಿ ಜೀವ ಹಿಡಿಯಿತು. ಸ್ವಲ್ಪ ಹೊತ್ತಿನಲ್ಲಿ ಅದು ಮುದ್ದಣ್ಣನ ತಡಮೆಯನ್ನು ದಾಟಿತು. ಅವರ ನಾಯಿ ಎದ್ದು ಬಾಲ ಅಲ್ಲಾಡಿಸಿ, ತಡಮೆಯ ತನಕ ಬಂದು, ನಿಲ್ಲದೆ ಹೋದ ಕಾರನ್ನು ನೋಡಿ ನಿಂತಿತು.

ದಾರಿಯಲ್ಲಿ ಹರತಾಳದವರು ಕಲ್ಲು ಇಟ್ಟು ಅಡ್ಡ ನಿಂತಿದ್ದರು. ಎಲ್ಲಿಂದ ಎಂದು ಕೇಳಿದ್ದಕ್ಕೆ ನಿಸಾರ್, ಏರ್‌ಪೋರ್ಟಿನಿಂದ ಎಂದ. ಅವರಲ್ಲೊಬ್ಬ ಒಳಗೆ ತಲೆ ಹಾಕಿ ಶಂಕರಿಯ ಚೀಲವನ್ನು ನೋಡಿದ.

“ಬಂಗಾರ ಎಷ್ಟು ತಂದಿರಿ ಅಜ್ಜಿ?”

“ಎಲ್ಲಿಯ ಬಂಗಾರ ಮಗಾ, ಕಣ್ಣು ಕಾಣುವುದಿಲ್ಲ.”

“ಕಸ್ಟಮ್ಸಿನವರಿಗೂ ಹೀಗೆಯೇ ಹೇಳಿದಿರಾ? ಹುಷಾರು ಉಂಟು ಮಾರಾಯ ಅಜ್ಜಿ,” ಎಂದು ನಕ್ಕು ಅವನು ಕಲ್ಲು ಸರಿಸಿದ.

ದೇವರು ದೊಡ್ಡವನು. ಡಾಕ್ಟರು ಮಂಗಳೂರಿಗೆ ಹೊರಡಲು ಅಂಗಿಯ ತೋಳು ಇಳಿಸುವ ಹೊತ್ತಿಗೆ ಇವರು ತಲುಪಿದರು. ಡಾಕ್ಟರು ಪುನಃ ತೋಳು ಏರಿಸಿದರು. ಮರುದಿನ ಪಟ್ಟಿ ಬಿಚ್ಚಿದಾಗ ಶಂಕರಿ ಗೋಡೆಯ ಮೇಲಿನ ಇರುವೆಯ ಸಾಲನ್ನು ನೋಡಿ ಅತ್ತಳು. ಬಸ್ಸಿನ ಧೂಳು, ಕುಲುಕಾಟ ಎರಡನೆಯ ಕಣ್ಣು ಆಗುವ ತನಕ ಬೇಡ, ಕಾರಿನಲ್ಲೇ ಬನ್ನಿ ಎಂದು ಡಾಕ್ಟರು ಹಿಂದಿನ ದಿನ ಹೊರಡುವ ಮೊದಲೇ ಅಪ್ಪಣೆ ಕೊಟ್ಟಿದ್ದರು. ಆದರೆ ಅಂದು ಮನೆಗೆ ಬಸ್ಸಿನಲ್ಲೇ ಬರಬೇಕಾಯಿತು. ಬ್ಯಾಟರಿ ಹಾಕಿಸಿಕೊಳ್ಳಲು ನಗರದಲ್ಲಿ ಉಳಿದಿದ್ದ ನಿಸಾರನ ಕಾರು ಬಸ್ಸಿನ ಮುಂದೆಯೇ ಖಾಲಿ ಹೋಗುತ್ತಿತ್ತು. ನಗರದಿಂದ ವಿಮಾನ ನಿಲ್ದಾಣಕ್ಕೆ ಜನ ಒಯ್ಯುವ ವಿಭಾಗ ಇನ್ನೂ ತೆರೆದಿರಲಿಲ್ಲ.

ಕಣ್ಣು ತೋರಿಸಲು ಹೋಗುವ ದಿನ ಪುನಃ ಬುಕ್ ಮಾಡಿ ಗುಡ್ಡೆ ಹತ್ತಿದರು. ಈ ಸಲ ಶಂಕರಿ ಗಂಡನ ಕೈ ಬಿಟ್ಟು ಮುಂದೆ ನಡೆದಳು. ಆ ದಿನ ಪದವಿನಲ್ಲಿ ಜನ ಇದ್ದರು. ಪೊಕ್ಕರ್ ಹಾಜಿಯವರು ವರ್ಕಾಡಿ ಕಡೆಯ ಒಂದು ಕುಟುಂಬವನ್ನು ಜಾಗ ತೋರಿಸಲು ಕರೆತಂದಿದ್ದರು. ಗೌರೀಶಂಕರರು ಆಧಾರದ ಕಾಗದ ಕಂಕುಳಲ್ಲಿ ಇಟ್ಟುಕೊಂಡು ರನ್‌ವೇ ಇರುವ ದಿಕ್ಕಿಗೆ ಕೈ ಚಾಚಿದ್ದರು. ಶಂಕರಿ ಹಣೆಗೆ ಕೈ ಇಟ್ಟು ಸುತ್ತಲೂ ನೋಡಿದಳು.

“ಇವರೇ,” ಎಂದಳು ಗಂಡನಿಗೆ, ತಗ್ಗಿದ ಸ್ವರದಲ್ಲಲ್ಲ, “ಇಲ್ಲಿ ಹುಲ್ಲು ಮಾತ್ರ ಉಂಟಲ್ಲ.”

ವರ್ಕಾಡಿಯವರು ತಿರುಗಿದರು. ಹಾಜಿಯವರು ಕೆಮ್ಮಿದರು. ಗೌರೀಶಂಕರರು ನಿಧಾನವಾಗಿ ಹತ್ತಿರ ಬಂದು, ಕಣ್ಣಿನ ಡಾಕ್ಟರಿಗಿಂತ ಮೃದುವಾಗಿ, ಎಂತೆಲ್ಲ ಕಾಣುತ್ತದೆ ಶಂಕರಿಯಕ್ಕ ಎಂದು ವಿಚಾರಿಸಿದರು. ಶಂಕರಿ ಕಂಡದ್ದನ್ನೆಲ್ಲ ಹೇಳಿದಳು. ಕಾರುಗಳು, ಶೀಟಿನ ಮಾಡು, ಆಚೆ ಒಂದು ಕಂದು ದನ, ಅದರ ಕೊರಳ ಹಗ್ಗದಲ್ಲಿ ಇನ್ನೇನು ಬಿಚ್ಚಿಕೊಳ್ಳಲಿರುವ ಗಂಟು.

“ರನ್‌ವೇ?”

“ಇಲ್ಲ.”

“ಟರ್ಮಿನಲ್?”

“ಎಂತದೂ ಇಲ್ಲ.”

ಕಾರ್ಯದರ್ಶಿಗಳು ವರ್ಕಾಡಿಯವರ ಕಡೆ ತಿರುಗಿ ತಲೆ ಅಲ್ಲಾಡಿಸಿದರು. “ಪಾಪ, ಈಚೆಗೆ ಪೊರೆ ತೆಗೆದದ್ದು. ಸಣ್ಣದೆಲ್ಲ ಕಾಣುತ್ತದೆ, ದೊಡ್ಡದು ಕಾಣುವುದಿಲ್ಲ. ಹೌದೋ ಅಲ್ಲವೋ, ಮುದ್ದಣ್ಣ ಹೇಳಲಿ. ಅವರಿಗೆ ಎರಡನೆಯ ಕಣ್ಣಿಗೂ ನಮ್ಮದೇ ಕಾರು ಬೇಕಲ್ಲ.”

ಮುದ್ದಣ್ಣ ಹೆಂಡತಿಯ ಮುಖ ನೋಡಿದ. ಅಂದು ಬೆಳಿಗ್ಗೆಯೇ ಅವಳು ಯಾರನ್ನೂ ಕರೆಯದೆ ಸೂಜಿಗೆ ನೂಲು ಪೋಣಿಸಿ, ಅವನ ಅಂಗಿಯ ಬಟನ್ ಗಟ್ಟಿ ಮಾಡಿಕೊಟ್ಟಿದ್ದಳು. ಅದನ್ನೇ ಹಾಕಿಕೊಂಡು ನಿಂತಿದ್ದ. ಕೈ ತಾನಾಗಿ ಆ ಬಟನಿನ ಮೇಲೆ ಹೋಯಿತು.

“ಪೊರೆ ಪೂರ್ತಿ ಹೋಗಲಿಲ್ಲ ಅಂತ ಕಾಣ್ತದೆ,” ಎಂದ.

ವರ್ಕಾಡಿಯ ಹೆಂಗಸು ಶಂಕರಿಯ ಬೆನ್ನು ಸವರಿ ಸಮಾಧಾನ ಹೇಳಿದಳು. ಜಾಗದ ಕ್ರಯವೂ ಅಲ್ಲಿಯೇ ಕುದುರಿತು. ಸಮಿತಿಯು ಅದೇ ವಾರ ಸಭೆ ಸೇರಿ, ಪ್ರಯಾಣಿಕರಾದ ಶ್ರೀಮತಿ ಶಂಕರಿಯವರಿಗೆ ಶಸ್ತ್ರಕ್ರಿಯೆಯ ನಂತರವೂ ವಿಮಾನ ನಿಲ್ದಾಣ ಕಾಣಿಸದಿರುವ ಬಗ್ಗೆ ತೀವ್ರ ಕಳವಳ ವ್ಯಕ್ತಪಡಿಸಿತು; ಡಾಕ್ಟರಿಗೆ ಮನವಿ ಹೋಯಿತು. ಡಾಕ್ಟರು ದೊಡ್ಡ ಊರಿನವರು. ಮನವಿ ಓದಿ, ಇನ್ನೊಂದು ಕಣ್ಣು ಆದ ಮೇಲೆ ಸರಿಯಾದೀತು ಎಂದು ಉತ್ತರ ಬರೆದರು.

ಕಣ್ಣು ತೋರಿಸಿ ಬಂದ ಮರುದಿನ ಶಂಕರಿ ಕಾಜಾ ಹಾಕುತ್ತ, ನೂಲು ಕಚ್ಚಿ ಕತ್ತರಿಸಿ, ಒಮ್ಮೆ ಕೇಳಿದಳು: “ನಿಮಗೆ ಕಾಣ್ತದಾ?” ಮುದ್ದಣ್ಣ ಮೆಷಿನ್ ತುಳಿಯುತ್ತ ಇದ್ದ; ಶಬ್ದಕ್ಕೆ ಕೇಳಲಿಲ್ಲವೆಂದು ಇಟ್ಟುಕೊಂಡರಾಯಿತು.

ಎರಡನೆಯ ಕಣ್ಣೂ ದೇವರ ದಯದಿಂದ ಚೆನ್ನಾಗಿ ಆಯಿತು. ಅದನ್ನು ತೋರಿಸಲು ಹೋಗುವ ದಿನ ಪದವಿನ ಮಾಡಿನಲ್ಲಿ ಕೂರಲು ಜಾಗ ಇರಲಿಲ್ಲ. ಪರೀಕ್ಷೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ಹೊಸ ಸೊಸೆಯನ್ನು ತವರಿಗೆ ಬಿಡಲು ಹೊರಟವರು, ಎಲ್ಲರೂ ಬೆಳಿಗ್ಗೆ ಗುಡ್ಡೆ ಹತ್ತಿ ಸಾಮಾನಿನೊಡನೆ ಬಂದಿಳಿದಿದ್ದರು. ಚಕ್ರದ ಸೂಟ್‌ಕೇಸು ಮುಳ್ಳೇರಿಯದ ಅಂಗಡಿಯಲ್ಲಿ ಸಿಗುತ್ತಿರಲಿಲ್ಲವಂತೆ, ಅಷ್ಟು ಬೇಡಿಕೆ. ಮೈಕಿನಲ್ಲಿ ಘೋಷಣೆಯಾದಾಗ ಎಲ್ಲರೂ ಒಮ್ಮೆ ಆಕಾಶ ನೋಡಿದರು. ಜಾಗ ನೋಡಲು ಬಂದಿದ್ದ ಯಾರೋ ಹೊಸಬರು, ತಡವಾಗಿ ತಲುಪಿದವರು, ಏದುಸಿರಿನಲ್ಲಿ ಶಂಕರಿಯ ಹತ್ತಿರ ಬಂದು ವಿಮಾನ ಹೋಯಿತಾ ಎಂದು ಕೇಳಿದರು.

ಶಂಕರಿ ಎರಡೂ ಕಣ್ಣಿನಿಂದ ಅವರನ್ನು ಸರಿಯಾಗಿ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

“ಇಲ್ಲ,” ಎಂದಳು, “ಈಗ ಇಳಿದದ್ದಷ್ಟೆ.”